ಎರಡು ಪಾಯಿಂಟ್ ಸಿಗ್ನಲ್‌ನಲ್ಲಿ ಓದು

2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕದ ಒಂದು ಫೋಟೊ ನಾಡಿನಾದ್ಯಂತ ಸುತ್ತಾಡಿತು. ಮಳೆ ಸುರಿಯುತ್ತಿದೆ. ಹುಡುಗಿಯೊಬ್ಬಳು ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ನೋಡಿದವರೆಲ್ಲ ಅಪ್ಪನ ಪ್ರೀತಿಯನ್ನು ಕೊಂಡಾಡಿದರು. ಕೊಂಡಾಡಬೇಕಾದದ್ದೇ. ಆದರೆ ದಿನಾ ಹಾಗೆ ರಸ್ತೆ ಬದಿಯಲ್ಲಿ ಕೂತು ಓದಬೇಕಾದ ಮಕ್ಕಳ ತಲೆಯೊಳಗೆ ಏನು ನಡೆಯುತ್ತದೆ ಎಂದು ಕೇಳಿದವರು ಕಡಿಮೆ.

ಕೋವಿಡ್ ಹೋಯಿತು, ಶಾಲೆ ಕಾಲೇಜು ತೆರೆದವು, ಆನ್‌ಲೈನ್ ಮಾತ್ರ ಹೋಗಲಿಲ್ಲ. ಸಿಇಟಿ, ನೀಟ್ ಕೋಚಿಂಗ್ ಫೋನಿನೊಳಗೆ ಬಂದು ಕೂತಿದೆ. ಪದವಿ ವಿದ್ಯಾರ್ಥಿಗಳು ‘ಸ್ವಯಂ’ ಎಂಬ ಆನ್‌ಲೈನ್ ವೇದಿಕೆಯಲ್ಲಿ ಕೋರ್ಸ್ ಮಾಡಿ ಕ್ರೆಡಿಟ್ ತರಬಹುದು; ಒಂದು ಸೆಮಿಸ್ಟರ್‌ನಲ್ಲಿ ಶೇಕಡ 40ರಷ್ಟು ಕೋರ್ಸ್‌ಗಳನ್ನು ಹೀಗೆ ಮಾಡಲು ಯುಜಿಸಿಯ 2021ರ ನಿಯಮ ಅವಕಾಶ ಕೊಟ್ಟಿದೆ. ಪದವಿ ಪ್ರವೇಶಕ್ಕೆ ಯುಯುಸಿಎಂಎಸ್, ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಸೀಟಿಗೆ ಕೆಇಎ ಜಾಲತಾಣ. ತೀರ್ಥಹಳ್ಳಿಯ ಒಳಗಿನ ಹಳ್ಳಿಯ ಹುಡುಗನಿಗೂ ಬೆಂಗಳೂರಿನ ಜಯನಗರದ ಹುಡುಗಿಗೂ ಕೊನೆಯ ದಿನಾಂಕ ಒಂದೇ, ಸಿಗ್ನಲ್ ಒಂದೇ ಅಲ್ಲ.

ಈ ಲೇಖನ ಆ ಹುಡುಗನಿಗಾಗಿ, ಅವನ ಅಪ್ಪ ಅಮ್ಮನಿಗಾಗಿ, ಸ್ವಲ್ಪ ಮಟ್ಟಿಗೆ ಅವನ ಮೇಷ್ಟರಿಗಾಗಿಯೂ.

ಸುಸ್ತು ಎಲ್ಲಿಂದ ಬರುತ್ತದೆ

ಪಾಠ ಕಷ್ಟವೆಂದು ಮಕ್ಕಳಿಗೆ ಇಷ್ಟು ಸುಸ್ತಾಗುವುದಿಲ್ಲ. ಕಾಯುವುದರಿಂದ ಆಗುತ್ತದೆ. ಪರದೆಯ ಮೇಲೆ ಆ ಚಕ್ರ ಸುತ್ತುತ್ತಿರುತ್ತದೆ. ಈಗ ಬಂದೀತು, ಇನ್ನೊಂದು ನಿಮಿಷಕ್ಕೆ ಬಂದೀತು ಎಂದು ಕಣ್ಣು ಕೀಳದೆ ನೋಡುತ್ತ ಕೂರಬೇಕು. ಬಂದಾಗ ಮೇಷ್ಟರು ‘ಹಾಗಾಗಿ ಉತ್ತರ ಇಷ್ಟು’ ಎನ್ನುತ್ತಿರುತ್ತಾರೆ. ಅದು ಹೇಗಾಯಿತು ಎನ್ನುವುದು ಹೋದ ಏಳು ನಿಮಿಷದಲ್ಲಿ ಮುಗಿದುಹೋಗಿದೆ. ಕೇಳೋಣ ಎಂದರೆ ಮೈಕ್ ಆನ್ ಮಾಡಿದೊಡನೆ ಸದ್ದು ಕಟ್. ಮೇಲಿಂದ ‘ನಿಂದು ಯಾವಾಗ್ಲೂ ನೆಟ್‌ವರ್ಕ್ ಪ್ರಾಬ್ಲಮ್ಮೇನಪ್ಪಾ’ ಎಂಬ ಒಂದು ಮಾತು, ಐವತ್ತು ಜನರ ಎದುರಿಗೆ. ಇದು ವಾರಗಟ್ಟಲೆ ನಡೆದರೆ ಹುಡುಗ ಟವರನ್ನು ಬೈಯುವುದು ಬಿಟ್ಟು ತನ್ನನ್ನೇ ದಡ್ಡ ಅಂದುಕೊಳ್ಳಲು ಶುರುಮಾಡುತ್ತಾನೆ.

ಎನ್‌ಸಿಇಆರ್‌ಟಿ 2022ರಲ್ಲಿ ಆರರಿಂದ ಹನ್ನೆರಡನೇ ತರಗತಿವರೆಗಿನ 3,79,842 ವಿದ್ಯಾರ್ಥಿಗಳ ಮನಸ್ಥಿತಿಯ ಸಮೀಕ್ಷೆ ನಡೆಸಿತ್ತು. ಅದರಲ್ಲಿ ಶೇಕಡ 51 ಮಂದಿ ಆನ್‌ಲೈನ್‌ನಲ್ಲಿ ಕಲಿಯುವುದು ಕಷ್ಟ ಎಂದರು; ಶೇಕಡ 28 ಮಂದಿಗೆ ಪ್ರಶ್ನೆ ಕೇಳಲು ಹಿಂಜರಿಕೆ. ಅದಕ್ಕೂ ಮೊದಲು, 2020ರಲ್ಲಿ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಸರ್ಕಾರಿ ಶಾಲೆಯ ಶೇಕಡ 60ಕ್ಕೂ ಹೆಚ್ಚು ಮಕ್ಕಳಿಗೆ ಆನ್‌ಲೈನ್ ಪಾಠ ಕೈಗೇ ಸಿಕ್ಕಿರಲಿಲ್ಲ. ಆಮೇಲೆ ಫೋನುಗಳು ಮನೆಮನೆಗೆ ಬಂದವು, ನಿಜ. ಮನೆಯಲ್ಲಿ ಫೋನ್ ಇರುವುದು ಬೇರೆ, ಮನೆಯೊಳಗೆ ಟವರ್ ಸಿಗುವುದು ಬೇರೆ.

‘ನಂಗೆ ಆನ್‌ಲೈನ್ ಆಗಿಬರಲ್ಲ’ ಎನ್ನುವ ಮಕ್ಕಳನ್ನು ಸ್ವಲ್ಪ ಕೆದಕಿ ಕೇಳಿದರೆ, ಅವರಿಗೆ ಆಗಿಬರದಿರುವುದು ಲೈವ್ ತರಗತಿ ಎಂದು ಗೊತ್ತಾಗುತ್ತದೆ. ಅದೇ ಪಾಠದ ರೆಕಾರ್ಡಿಂಗ್ ಕೈಯಲ್ಲಿದ್ದರೆ ನಿಲ್ಲಿಸಿ, ಹಿಂದೆ ಓಡಿಸಿ, ಮೂರು ಸಲ ಕೇಳಿ ಅರ್ಥ ಮಾಡಿಕೊಳ್ಳುತ್ತಾರೆ. ಕ್ಲಾಸಿನಲ್ಲಿ ಮೂರನೇ ಸಲ ಕೇಳುವ ಧೈರ್ಯ ಎಷ್ಟು ಮಂದಿಗಿದೆ? ಆದ್ದರಿಂದ ನಾನು ಹೇಳುವುದು ಇಷ್ಟೇ: ನೆಟ್‌ವರ್ಕ್ ಬೇಕಾದ ಹೊತ್ತನ್ನೂ ಓದುವ ಹೊತ್ತನ್ನೂ ಬೇರೆ ಬೇರೆ ಮಾಡಿ. ಸಂತೆಗೆ ಹೋಗುವ ಹಾಗೆ ಸಿಗ್ನಲ್ ಇರುವ ಕಡೆ ಹೋಗಿ, ಚೀಲ ತುಂಬಿಕೊಂಡು ಬಂದು, ಮನೆಯಲ್ಲಿ ಕೂತು ನಿಧಾನಕ್ಕೆ ಬೇಯಿಸಿಕೊಳ್ಳಿ. ಮುಂದಿನ ಬಹುಪಾಲು ಸಲಹೆ ಇದರ ವಿವರ.

ಮೊದಲು ಅಳೆಯಿರಿ

ಫೋನಿನ ಮೇಲಿರುವ ಪಾಯಿಂಟ್‌ಗಳನ್ನು ನಂಬಬೇಡಿ. ಒಂದೊಂದು ಕಂಪನಿಯ ಫೋನ್ ಒಂದೊಂದು ಲೆಕ್ಕದಲ್ಲಿ ಅವನ್ನು ತೋರಿಸುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ಎಂದಿರುವುದನ್ನು ತೆರೆಯಿರಿ. (ಕೆಲವು ಫೋನುಗಳಲ್ಲಿ ಸ್ಟೇಟಸ್ ಎಂಬ ಇನ್ನೊಂದು ಬಾಗಿಲು ದಾಟಬೇಕು.) ಅಲ್ಲಿ ಸಿಗ್ನಲ್ ಸ್ಟ್ರೆಂತ್ ಮುಂದೆ ಮೈನಸ್ ಚಿಹ್ನೆಯ ಒಂದು ಸಂಖ್ಯೆ ಇರುತ್ತದೆ, ಪಕ್ಕದಲ್ಲಿ ಡಿಬಿಎಂ ಎಂದು. ಮೈನಸ್ ಆದ್ದರಿಂದ ಸಂಖ್ಯೆ ಚಿಕ್ಕದಿದ್ದಷ್ಟೂ ಒಳ್ಳೆಯದು. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಆರಾಮ. ಮೈನಸ್ 105ಕ್ಕೆ ಒದ್ದಾಟ ಶುರು. ಮೈನಸ್ 115 ದಾಟಿದರೆ ವಾಟ್ಸ್ಆ್ಯಪ್ ಸಂದೇಶ ಹೋದರೆ ಪುಣ್ಯ.

ಈ ಸಂಖ್ಯೆ ನೋಡುತ್ತ ಮನೆಯೆಲ್ಲ ಓಡಾಡಿ. ಜಗುಲಿ, ಅಡುಗೆಮನೆ ಕಿಟಕಿ, ಅಟ್ಟ, ಹಿತ್ತಿಲ ಬಾಗಿಲು, ಕೊಟ್ಟಿಗೆಯ ಹಿಂದೆ, ತೋಟದ ಏರಿ. ಒಂದೊಂದು ಕಡೆ ಅರ್ಧ ನಿಮಿಷ ನಿಂತು ಬರೆದುಕೊಳ್ಳಿ. ಹತ್ತಡಿ ಅಂತರದಲ್ಲಿ ಸಿಗ್ನಲ್ ಎಷ್ಟು ಏರಿಳಿಯುತ್ತದೆಂದು ನೀವೇ ಆಶ್ಚರ್ಯಪಡುತ್ತೀರಿ. ತಗಡಿನ ಶೀಟು ಸಿಗ್ನಲ್ಲಿನ ದೊಡ್ಡ ಶತ್ರು; ದಪ್ಪ ಚಿರೆಕಲ್ಲಿನ ಗೋಡೆಯೂ ಕಡಿಮೆಯೇನಲ್ಲ. ಮಳೆಗಾಲದಲ್ಲಿ ನೆನೆದ ಎಲೆಗಳು ಸಿಗ್ನಲನ್ನು ಹೀರುತ್ತವೆ, ಹಾಗಾಗಿ ಮಾರ್ಚ್‌ನಲ್ಲಿ ಸಿಗುತ್ತಿದ್ದ ಜಾಗ ಜುಲೈನಲ್ಲಿ ಸಿಗದೆ ಹೋಗಬಹುದು. ಆಗ ಇನ್ನೊಮ್ಮೆ ಅಳೆಯಬೇಕು.

ಇಲ್ಲೊಂದು ಸೂಕ್ಷ್ಮ ಇದೆ, ಬಹಳ ಮಂದಿ ಇದು ತಿಳಿಯದೆ ಸುಮ್ಮನೆ ಗುಡ್ಡ ಹತ್ತುತ್ತಾರೆ. ನೆಟ್ ನಿಧಾನವಾಗುವುದಕ್ಕೆ ಎರಡು ಬೇರೆ ಬೇರೆ ಕಾರಣ. ಒಂದು, ಸಿಗ್ನಲ್ಲೇ ದುರ್ಬಲ. ಇನ್ನೊಂದು, ಸಿಗ್ನಲ್ ಚೆನ್ನಾಗಿದೆ, ಟವರಿನ ಮೇಲೆ ಜನ ಜಾಸ್ತಿ. ಸಂಖ್ಯೆ ಮೈನಸ್ 85 ತೋರಿಸುತ್ತಿದ್ದೂ ವಿಡಿಯೊ ಸುತ್ತುತ್ತಿದ್ದರೆ ಅದು ಎರಡನೆಯದು. ರಾತ್ರಿ ಎಂಟರಿಂದ ಹನ್ನೊಂದರವರೆಗೆ ಊರೆಲ್ಲ ರೀಲ್ಸ್ ನೋಡುವ ಹೊತ್ತು. ಆಗ ನೀವು ಎಷ್ಟು ಎತ್ತರ ಹತ್ತಿದರೂ ಪ್ರಯೋಜನವಿಲ್ಲ. ಜಾಗ ಬದಲಾಯಿಸಬೇಡಿ, ಹೊತ್ತು ಬದಲಾಯಿಸಿ. ಬೆಳಗಿನ ಐದರಿಂದ ಆರೂವರೆ ಟವರ್ ಖಾಲಿ ಇರುವ ಹೊತ್ತು.

ಮೂರನೆಯ ಕಾರಣ ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ: ಕರೆಂಟ್. ಟವರ್ ಬ್ಯಾಟರಿ ಮೇಲೆ ಕೆಲವು ತಾಸು ನಡೆಯುತ್ತದೆ, ಆಮೇಲೆ ಜನರೇಟರಿಗೆ ಡೀಸೆಲ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಕರೆಂಟ್ ಹೋದ ಕೂಡಲೇ ಮಾಡಬೇಕಾದ ಕೆಲಸ ಟಾರ್ಚ್ ಹುಡುಕುವುದಲ್ಲ. ಬಾಕಿ ಇರುವ ಅಸೈನ್‌ಮೆಂಟ್ ಕಳಿಸುವುದು, ನಾಳೆಯ ಪಾಠ ಇಳಿಸಿಕೊಳ್ಳುವುದು, ಟವರಿನ ಬ್ಯಾಟರಿ ಮುಗಿಯುವ ಮೊದಲು.

ಸಿಮ್ ಬದಲಿಸುವ ಯೋಚನೆ ಇದ್ದರೆ ಜಾಹೀರಾತು ನೋಡಿ ಹೊರಡಬೇಡಿ. ಕಂಪನಿಗಳ ಜಾಲತಾಣದಲ್ಲಿ ಕವರೇಜ್ ನಕಾಶೆ ಸಿಗುತ್ತದೆ, ಒಮ್ಮೆ ನೋಡಿ. ಆದರೆ ನಿಮ್ಮ ಮನೆ ಗುಡ್ಡದ ಯಾವ ಮಗ್ಗುಲಿಗಿದೆ ಎಂಬುದು ನಕಾಶೆಗೆ ಗೊತ್ತಿಲ್ಲ. ಬೇರೆ ಸಿಮ್ ಇರುವ ನೆಂಟರು ಮನೆಗೆ ಬಂದಾಗ ಅವರ ಫೋನ್ ಇಸಿದುಕೊಂಡು ಅದೇ ಸಂಖ್ಯೆಯನ್ನು ಅದೇ ಜಾಗಗಳಲ್ಲಿ ನೋಡಿ. ಖಾತ್ರಿಯಾದ ಮೇಲೆ ಪೋರ್ಟ್ ಮಾಡಿಸಿ: ಪೋರ್ಟ್ ಎಂದು ಇಂಗ್ಲಿಷ್‌ನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್. ಒಮ್ಮೆ ಬದಲಿಸಿದರೆ 90 ದಿನ ಅಲ್ಲೇ ಇರಬೇಕಾಗುತ್ತದೆ, ಆತುರ ಬೇಡ. ಬ್ಯಾಂಕ್, ಕೆಇಎ, ವಿದ್ಯಾರ್ಥಿವೇತನಕ್ಕೆ ಕೊಟ್ಟ ನಂಬರನ್ನೇ ಪೋರ್ಟ್ ಮಾಡುವುದಾದರೆ ಪ್ರವೇಶದ ಗಡಿಬಿಡಿ ಮುಗಿಯುವ ತನಕ ತಡೆಯಿರಿ.

ಒಳ್ಳೆಯ ಸಿಗ್ನಲ್ ಅಟ್ಟದ ಕಿಟಕಿಯಲ್ಲಿ ಮಾತ್ರ ಸಿಗುತ್ತದೆ ಎಂದಿಟ್ಟುಕೊಳ್ಳಿ. ನೀವು ಅಟ್ಟದಲ್ಲಿ ಬಗ್ಗಿ ಕೂರಬೇಕಿಲ್ಲ. ಫೋನನ್ನು ಅಲ್ಲಿಟ್ಟು ಹಾಟ್‌ಸ್ಪಾಟ್ ಆನ್ ಮಾಡಿ, ಮನೆಯಲ್ಲಿರುವ ಇನ್ನೊಂದು ಹಳೇ ಫೋನನ್ನು ಕೆಳಗೆ ಮೇಜಿನ ಮೇಲೆ ವೈಫೈಗೆ ಸೇರಿಸಿ. ಪರದೆ ಒಡೆದಿದ್ದರೂ ಸರಿ, ಸಿಮ್ ಇಲ್ಲದಿದ್ದರೂ ಸರಿ. ಮೂವತ್ತು ನಲವತ್ತು ಅಡಿವರೆಗೆ ತೊಂದರೆಯಿಲ್ಲ, ನಡುವೆ ದಪ್ಪ ಗೋಡೆ ಇರಬಾರದು. ಹಾಟ್‌ಸ್ಪಾಟ್ ಫೋನು ಬಿಸಿಯಾಗುತ್ತದೆ, ಬಿಸಿಲಿಗೆ ಇಡಬೇಡಿ. ಬೆನ್ನು ಬಾಗಿಸದೆ ಮೇಜಿನ ಮುಂದೆ ಕೂತು ಬರೆದುಕೊಳ್ಳುವಂತಾದರೆ ಅರ್ಧ ತಲೆನೋವು ಅಲ್ಲೇ ಇಳಿಯುತ್ತದೆ.

ಆನ್‌ಲೈನ್ ಅಂಗಡಿಗಳಲ್ಲಿ ಸಿಗ್ನಲ್ ಬೂಸ್ಟರ್ ಎಂದು ಮಾರುತ್ತಾರಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ. ಪರವಾನಗಿ ಇಲ್ಲದೆ ಅದನ್ನು ಹಾಕಿಕೊಳ್ಳುವುದು ಕಾನೂನುಬಾಹಿರ. ಸಾಲದ್ದಕ್ಕೆ ಅಕ್ಕಪಕ್ಕದವರ ಸಿಗ್ನಲ್ಲೂ ಕೆಡುತ್ತದೆ. ಆಂಟೆನಾ ಕೂರಿಸಲು ಜಾಗವಿರುವ 4ಜಿ ರೂಟರ್ ಬೇರೆ ವಸ್ತು, ಅದಕ್ಕೆ ಅಡ್ಡಿಯಿಲ್ಲ. ಊರಿನ ತನಕ ಬಿಎಸ್‌ಎನ್‌ಎಲ್ ಫೈಬರ್ ಬಂದಿದ್ದರೆ, ನಾಲ್ಕು ಮನೆಯವರು ಮಾತಾಡಿಕೊಂಡು ಸ್ಥಳೀಯ ಕೇಬಲ್‌ನವರನ್ನು ಕೇಳಿ. ಗಾಳಿಗೆ ಕೊಂಬೆ ಬಿದ್ದು ವೈರ್ ತುಂಡಾಗುತ್ತದೆ ಎನ್ನುವುದು ನಿಜ. ಆದರೂ ವರ್ಷದ ಬಹುಪಾಲು ದಿನ ಅದೇ ಮೇಲು.

ಚೀಲದಲ್ಲಿ ಏನು ತರಬೇಕು

ಒಂದು ತಾಸಿನ ಪಾಠ ಎಷ್ಟು ಡೇಟಾ ನುಂಗುತ್ತದೆ ಎಂಬ ಅಂದಾಜಿರಲಿ. ಯೂಟ್ಯೂಬ್ ವಿಡಿಯೊ 720ಪಿ ಗುಣಮಟ್ಟದಲ್ಲಿ ತಾಸಿಗೆ ಸುಮಾರು ಒಂದು ಜಿಬಿ. ಅದೇ 360ಪಿ ಆದರೆ ಮುನ್ನೂರು ಎಂಬಿ ಆಸುಪಾಸು. 144ಪಿಗೆ ಇಳಿಸಿದರೆ ನೂರು ಎಂಬಿಯೊಳಗೆ ಮುಗಿಯುತ್ತದೆ. ಬೋರ್ಡಿನ ಅಕ್ಷರ ಕಾಣುವುದಿಲ್ಲ, ಆದರೆ ಇತಿಹಾಸ, ಅರ್ಥಶಾಸ್ತ್ರದಂಥ ಮಾತಿನ ಪಾಠಕ್ಕೆ ಸಾಕು. ಗಣಿತಕ್ಕೆ 360 ಬೇಕು. ಉಚಿತ ಖಾತೆಯಲ್ಲೂ ಬಹಳಷ್ಟು ವಿಡಿಯೊಗಳ ಕೆಳಗೆ ಡೌನ್‌ಲೋಡ್ ಗುಂಡಿ ಇರುತ್ತದೆ. ನಡುನಡುವೆ ಒಮ್ಮೆ ಆ ಫೋನನ್ನು ನೆಟ್‌ಗೆ ತೋರಿಸಬೇಕಾಗುತ್ತದೆ, ಇಲ್ಲದಿದ್ದರೆ ಇಳಿಸಿದ್ದು ತೆರೆಯುವುದಿಲ್ಲ.

ಹೈಸ್ಕೂಲ್ ಮಕ್ಕಳಿಗೆ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪ್‌ನಲ್ಲಿ ಆ ಪಾಠದ ವಿಡಿಯೊ, ಅಭ್ಯಾಸ ಸಿಗುತ್ತವೆ, ಇಳಿಸಿಟ್ಟುಕೊಳ್ಳಬಹುದು. ಕೋವಿಡ್ ಕಾಲದಲ್ಲಿ ದೂರದರ್ಶನ ಚಂದನದಲ್ಲಿ ಬರುತ್ತಿದ್ದ ಸಂವೇದ ಪಾಠಗಳನ್ನು ಡಿಎಸ್‌ಇಆರ್‌ಟಿಯವರು ಜ್ಞಾನದೀಪ ಎಂಬ ಯೂಟ್ಯೂಬ್ ಚಾನೆಲ್‌ಗೆ ಹಾಕಿದ್ದಾರೆ. ಪಠ್ಯ ಬದಲಾಗಿದೆಯೇ ಎಂದು ನೋಡಿಕೊಂಡು ಬಳಸಿ. ಮನೆಯಲ್ಲಿ ಡಿಡಿ ಫ್ರೀ ಡಿಶ್ ಇದ್ದರೆ ಪಿಎಂ ಇ-ವಿದ್ಯಾ ಚಾನೆಲ್‌ಗಳನ್ನು ಒಮ್ಮೆ ಹುಡುಕಿ. ಟಿವಿಗೆ ಟವರ್ ಬೇಡ. ಎಂಜಿನಿಯರಿಂಗ್‌ನವರಿಗೆ ಎನ್‌ಪಿಟಿಇಎಲ್ ಇದೆ. ವಿಡಿಯೊ ಮಾತ್ರವಲ್ಲ, ಉಪನ್ಯಾಸದ ಬರಹರೂಪವೂ ಇಳಿಸಿಕೊಳ್ಳಲು ಸಿಗುತ್ತದೆ, ಕೆಲವು ಕೋರ್ಸ್‌ಗಳಿಗೆ ಕನ್ನಡದಲ್ಲೇ. ಪಿಡಿಎಫ್ ಹಗುರ, ಎರಡು ಪಾಯಿಂಟ್‌ನಲ್ಲೂ ಇಳಿಯುತ್ತದೆ. ಎನ್‌ಪಿಟಿಇಎಲ್ ಕೋರ್ಸಿನ ವಾರದ ಅಸೈನ್‌ಮೆಂಟ್‌ಗೆ ಸಾಮಾನ್ಯವಾಗಿ ಬುಧವಾರ ರಾತ್ರಿ ಗಡುವು. ನೀವು ಸೋಮವಾರವೇ ಗಡುವು ಎಂದು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದುಬಿಡಿ.

ಕಾಲೇಜು ಪೇಟೆಯಲ್ಲಿದ್ದರೆ ಬಸ್ ಹತ್ತುವ ಮೊದಲು ಅಲ್ಲೇ ಎಲ್ಲ ಇಳಿಸಿಕೊಳ್ಳಿ. ಊರಿನಲ್ಲಿ ಒಬ್ಬರ ಮನೆಗೆ ಒಳ್ಳೆಯ ಸಿಗ್ನಲ್ ಇದ್ದರೆ ಅವರು ಒಮ್ಮೆ ಇಳಿಸಿದ್ದನ್ನು ಉಳಿದವರು ಫೋನಿನಿಂದ ಫೋನಿಗೆ ಕ್ವಿಕ್ ಶೇರ್ ಮೂಲಕ ಪಡೆಯಬಹುದು, ಅದಕ್ಕೆ ಇಂಟರ್ನೆಟ್ ಬೇಡ. (ಯೂಟ್ಯೂಬ್ ಆ್ಯಪ್‌ನೊಳಗೆ ಇಳಿಸಿದ್ದು ಮಾತ್ರ ಹೀಗೆ ಹೋಗುವುದಿಲ್ಲ. ಮೇಷ್ಟರು ಕಳಿಸಿದ ಫೈಲ್, ಪಿಡಿಎಫ್ ಹೋಗುತ್ತವೆ.) ವಾಟ್ಸ್ಆ್ಯಪ್‌ನ ಆಟೊ ಡೌನ್‌ಲೋಡ್, ಪ್ಲೇ ಸ್ಟೋರಿನ ಆಟೊ ಅಪ್‌ಡೇಟ್ ಎರಡನ್ನೂ ಇವತ್ತೇ ಆಫ್ ಮಾಡಿ. ಕಷ್ಟಪಟ್ಟು ಸಿಕ್ಕ ನೆಟ್ಟು ಕುಟುಂಬದ ಗ್ರೂಪಿನ ಶುಭೋದಯಕ್ಕೆ ಹೋಗಬಾರದು.

ಲೈವ್ ತಪ್ಪಿಸಲಾಗದಿದ್ದರೆ

ಜೂಮ್ ಕರೆಯಲ್ಲಿ ಸದ್ದಿಗೆ ಬೇಕಾಗುವುದು ಸೆಕೆಂಡಿಗೆ 60ರಿಂದ 80 ಕಿಲೋಬಿಟ್, ತಾಸಿಗೆ ಮೂವತ್ತು ಚಿಲ್ಲರೆ ಎಂಬಿ. ವಿಡಿಯೊ ಸೇರಿದರೆ ಸೆಕೆಂಡಿಗೆ ಸುಮಾರು 600 ಕಿಲೋಬಿಟ್, ಅಂದರೆ ಎಂಟು ಹತ್ತು ಪಟ್ಟು. ಹಾಗಾಗಿ ನಿಮ್ಮ ಕ್ಯಾಮೆರಾ ಆಫ್ ಮಾಡಿದರೆ ಸಾಲದು, ಒಳಬರುವ ವಿಡಿಯೊವನ್ನೂ ನಿಲ್ಲಿಸಬೇಕು. ಮೀಟ್‌ನಲ್ಲೂ ಜೂಮ್‌ನಲ್ಲೂ ಮೆನುವಿನೊಳಗೆ ಆ ಆಯ್ಕೆ ಇದೆ. ಸ್ಲೈಡ್‌ಗಳನ್ನು ಮೊದಲೇ ತರಿಸಿಕೊಂಡು ಪಕ್ಕದಲ್ಲಿಟ್ಟುಕೊಂಡರೆ, ಮೇಷ್ಟರ ದನಿ ಕೇಳುತ್ತ ಪುಟ ತಿರುವಿದರಾಯಿತು.

ಕಟ್ ಆದಾಗ ಮೂರು ನಾಲ್ಕು ಸಲ ಸೇರಲು ಒದ್ದಾಡಿ ಬೆವರಬೇಡಿ. ಏರೋಪ್ಲೇನ್ ಮೋಡ್ ಹಾಕಿ ಹತ್ತು ಸೆಕೆಂಡ್ ಬಿಟ್ಟು ತೆಗೆಯಿರಿ, ಫೋನು ಟವರನ್ನು ಹೊಸದಾಗಿ ಹುಡುಕಿಕೊಳ್ಳುತ್ತದೆ. ನೋಟ್‌ಬುಕ್ಕಿನ ಅಂಚಿನಲ್ಲಿ ‘10.17 – 10.24 ಕಟ್, ಎರಡನೇ ಲೆಕ್ಕದ ನಡುವೆ’ ಎಂದು ಬರೆದು ಅಷ್ಟು ಜಾಗ ಖಾಲಿ ಬಿಡಿ. ಸಂಜೆ ಗೆಳತಿಯನ್ನು ‘ಇವತ್ತಿಂದೆಲ್ಲ ಹೇಳೇ’ ಎಂದು ಕೇಳಿದರೆ ಅವಳಿಗೂ ಬೇಜಾರು. ‘ಎರಡನೇ ಲೆಕ್ಕದ ಮೂರನೇ ಹಂತ ಫೋಟೊ ಕಳ್ಸೇ’ ಎಂದರೆ ಒಂದು ನಿಮಿಷದ ಕೆಲಸ. ನಿಮಗೂ ತಪ್ಪಿದ್ದು ಪಾಠವಲ್ಲ, ಏಳು ನಿಮಿಷ ಎಂಬ ಲೆಕ್ಕ ಸಿಗುತ್ತದೆ.

ಇದಕ್ಕಿಂತ ಮುಖ್ಯ, ಸೆಮಿಸ್ಟರ್ ಶುರುವಿನಲ್ಲೇ ಮೇಷ್ಟರಿಗೆ ಹೇಳಿಬಿಡುವುದು. ಹಾಜರಿ ಕಡಿಮೆ ಬಿದ್ದ ಮೇಲೆ ಹೇಳುವ ಕಾರಣ ನೆಪದಂತೆ ಕೇಳಿಸುತ್ತದೆ, ಮೊದಲೇ ಹೇಳಿದ್ದು ಮಾಹಿತಿಯಂತೆ. ಹೀಗೊಂದು ಸಂದೇಶ ಕಳಿಸಬಹುದು:

‘ನಮಸ್ತೆ ಮೇಡಂ. ನಾನು ಬಿಕಾಂ ಮೂರನೇ ಸೆಮಿಸ್ಟರ್ ಬಿ ಸೆಕ್ಷನ್. ನಮ್ಮೂರಲ್ಲಿ ಮನೆ ಒಳಗೆ ಟವರ್ ಸಿಗಲ್ಲ, ಮಳೆಗಾಲದಲ್ಲಿ ಕರೆಂಟ್ ಹೋದ್ರೆ ನೆಟ್ಟೂ ಹೋಗುತ್ತೆ. ಬೆಳಿಗ್ಗೆ ಆರರ ಒಳಗೆ ಚೆನ್ನಾಗಿ ಸಿಗುತ್ತೆ. ಕ್ಲಾಸಿನ ರೆಕಾರ್ಡಿಂಗ್ ಅಥವಾ ನೋಟ್ಸ್ ಗ್ರೂಪಿಗೆ ಹಾಕಿದ್ರೆ ಮರುದಿನ ನೋಡಿ, ಬರೆದದ್ದರ ಫೋಟೊ ಕಳಿಸ್ತೀನಿ. ಅದನ್ನ ಹಾಜರಿಗೆ ಪರಿಗಣಿಸಬಹುದಾ ಮೇಡಂ?’

ಗೋಳು ತೋಡಿಕೊಂಡಿಲ್ಲ, ಏನು ಸಿಗುತ್ತದೆ, ಏನು ಬೇಕು, ಬದಲಿಗೆ ತಾನೇನು ಮಾಡುತ್ತೇನೆ ಎಂಬುದಿದೆ. ಇದೇ ತೊಂದರೆ ಇರುವ ಐದಾರು ಮಂದಿ ಒಟ್ಟಿಗೆ ಹೇಳಿದರೆ ಇನ್ನೂ ಒಳ್ಳೆಯದು.

ಮೇಷ್ಟ್ರುಗಳಿಗೂ ಒಂದು ಮಾತು. ಹತ್ತು ನಿಮಿಷದ ವಾಯ್ಸ್ ನೋಟ್ ಎರಡು ಎಂಬಿ ಆಸುಪಾಸು. ಅದರ ಜೊತೆ ಬೋರ್ಡಿನ ಒಂದು ಫೋಟೊ ಇದ್ದರೆ ಅದೇ ಪಾಠ. ಕ್ಯಾಮೆರಾ ಆನ್ ಮಾಡದಿದ್ದರೆ ಹಾಜರಿ ಇಲ್ಲ ಎನ್ನುವ ನಿಯಮ ಶಿಸ್ತಿನದಲ್ಲ, ಡೇಟಾ ಪ್ಯಾಕಿನ ಪರೀಕ್ಷೆ. ಆನ್‌ಲೈನ್ ಕಿರುಪರೀಕ್ಷೆಗೆ ಹದಿನೈದು ನಿಮಿಷದ ಬದಲು ಇಡೀ ದಿನದ ಅವಧಿ ಕೊಟ್ಟರೆ ನಕಲು ಹೆಚ್ಚುತ್ತದೆ ಎಂಬ ಅಂಜಿಕೆ ಸಹಜ. ಪ್ರಶ್ನೆ ಬದಲಿಸಿ ನಕಲು ತಡೆಯಬಹುದು. ಗಡಿಯಾರ ಹಿಡಿದು ನಿಂತರೆ ಹಳ್ಳಿಯ ಮಕ್ಕಳು ಮಾತ್ರ ಸೋಲುತ್ತಾರೆ.

ಕೊನೆಯ ದಿನದ ನಡುಕ

ಪಾಠ ತಪ್ಪಿದರೆ ಮತ್ತೆ ಕೇಳಬಹುದು. ಸೀಟಿಗಾಗಿ ಕಾಲೇಜುಗಳ ಆಯ್ಕೆ ತುಂಬುವ ಆಪ್ಷನ್ ಎಂಟ್ರಿ ತಪ್ಪಿದರೆ? ನಾನು ಕಂಡಂತೆ ಮಕ್ಕಳ ನಿದ್ದೆ ಕೆಡಿಸುವುದು ಇದು, ಅಪ್ಪ ಅಮ್ಮನ ನಿದ್ದೆಯನ್ನೂ. ಕೆಇಎ ಆಪ್ಷನ್‌ಗಳನ್ನು ಗಡುವಿನವರೆಗೆ ತಿದ್ದಲು ಬರುತ್ತದೆ. ಆದ್ದರಿಂದ ಮೊದಲ ದಿನವೇ ಒಂದು ಪಟ್ಟಿ ಹಾಕಿ ಉಳಿಸಿಬಿಡಿ, ಯೋಚನೆ ಆಮೇಲೆ ಮಾಡಿ. ಕಾಲೇಜುಗಳ ಕೋಡ್‌ಗಳನ್ನು ಕಾಗದದಲ್ಲಿ ಕ್ರಮವಾಗಿ ಬರೆದುಕೊಂಡು ಸಿಗ್ನಲ್ ಇರುವ ಕಡೆ ಹೋಗಿ. ಜಾಲತಾಣ ತೆರೆದಿಟ್ಟುಕೊಂಡು ಯಾವ ಕಾಲೇಜು ಎಂದು ಚರ್ಚೆ ಮಾಡುತ್ತ ಕೂತರೆ ಅಷ್ಟರಲ್ಲಿ ಅದು ಹೊರಗೆ ಹಾಕುತ್ತದೆ.

ಒಟಿಪಿಗೆ ಇಂಟರ್ನೆಟ್ ಬೇಡ, ಎಸ್‌ಎಂಎಸ್ ಬರುವಷ್ಟು ಸಿಗ್ನಲ್ ಸಾಕು. ನೋಂದಾಯಿತ ನಂಬರಿನ ಸಿಮ್ ಇರುವ ಫೋನು, ನೆಟ್ ಇರುವ ಫೋನು ಎರಡೂ ಒಂದೇ ಜಾಗದಲ್ಲಿ ಇರಲಿ. ಅಪ್ಪನ ನಂಬರ್ ಕೊಟ್ಟು, ಅಪ್ಪ ತೋಟದಲ್ಲಿ ಸಿಗ್ನಲ್ ಇಲ್ಲದ ಕಡೆ ಇದ್ದರೆ ಆ ದಿನ ಹೋಯಿತು.

ಗ್ರಾಮ ಒನ್‌ನಲ್ಲೋ ಪೇಟೆಯ ಸೈಬರ್ ಸೆಂಟರ್‌ನಲ್ಲೋ ಅರ್ಜಿ ತುಂಬಿಸುವವರು ಒಂದನ್ನು ಪಟ್ಟಾಗಿ ನೋಡಿಕೊಳ್ಳಿ. ಕೆಲಸ ಬೇಗ ಮುಗಿಯಲೆಂದು ಅಂಗಡಿಯವರು ತಮ್ಮದೇ ಇ-ಮೇಲ್, ತಮ್ಮದೇ ಮೊಬೈಲ್ ನಂಬರ್ ಹಾಕಿಬಿಡುತ್ತಾರೆ. ಕೆಟ್ಟ ಉದ್ದೇಶವೇನಿರುವುದಿಲ್ಲ. ಆದರೆ ಆರು ತಿಂಗಳಾದ ಮೇಲೆ ಪಾಸ್‌ವರ್ಡ್ ಮರೆತಾಗ ಒಟಿಪಿ ಅವರ ಫೋನಿಗೆ ಹೋಗುತ್ತದೆ, ಅಂಗಡಿ ಅಷ್ಟರಲ್ಲಿ ಮುಚ್ಚಿರುತ್ತದೆ. ನಿಮ್ಮ ನಂಬರ್, ನಿಮ್ಮ ಇ-ಮೇಲ್. ಪಾಸ್‌ವರ್ಡ್ ನಿಮ್ಮ ಡೈರಿಯಲ್ಲಿ. ಅರ್ಜಿಯ ಪ್ರಿಂಟ್ ಕೈಗೆ ಬಂದ ಮೇಲೆಯೇ ದುಡ್ಡು. ನೋಟ್‌ಬುಕ್ ಪುಟ, ಅಂಕಪಟ್ಟಿ ಕಳಿಸುವಾಗ ಸಾದಾ ಫೋಟೊ ಮೂರು ನಾಲ್ಕು ಎಂಬಿ ಇರುತ್ತದೆ. ಸ್ಕ್ಯಾನರ್ ಆ್ಯಪ್‌ನಲ್ಲಿ ಕಪ್ಪು ಬಿಳುಪು ಮಾಡಿದರೆ ಅದರ ಹತ್ತನೇ ಒಂದು ಭಾಗವೂ ಇರುವುದಿಲ್ಲ, ಬೇಗ ಹತ್ತುತ್ತದೆ.

ಗುಡ್ಡ, ಸಿಡಿಲು, ಹೆಣ್ಣುಮಕ್ಕಳು

ಅಳೆದು, ಹೊತ್ತು ಬದಲಿಸಿ, ಹಾಟ್‌ಸ್ಪಾಟ್ ಇಟ್ಟೂ ಆಗದಿದ್ದರೆ ಗುಡ್ಡವೇ ಗತಿ. ಆಗ ಏಪ್ರಿಲ್ ಮೇ ತಿಂಗಳ ಸಂಜೆಯ ಬಗ್ಗೆ ಹುಷಾರು. ಬೋಳುಗುಡ್ಡದ ನೆತ್ತಿ, ಒಂಟಿ ಮರದ ಬುಡ ಎರಡೂ ಸಿಡಿಲಿಗೆ ಹೇಳಿಮಾಡಿಸಿದ ಜಾಗ. ಗುಡುಗು ಕಿವಿಗೆ ಬಿತ್ತೆಂದರೆ ತರಗತಿ ಯಾವುದೇ ಇರಲಿ, ಇಳಿದು ಮನೆ ಸೇರಿ. ಕೊನೆಯ ಗುಡುಗಿನ ನಂತರ ಅರ್ಧ ತಾಸು ಹೊರಗೆ ಬರಬೇಡಿ. ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ ದಾಮಿನಿ ಆ್ಯಪ್ ಸುತ್ತಮುತ್ತ ಸಿಡಿಲಿನ ಸೂಚನೆ ಕೊಡುತ್ತದೆ. ಮಳೆಗಾಲದಲ್ಲಿ ಉಂಬಳಕ್ಕೆ ಸುಣ್ಣ ತಂಬಾಕು ಯಾರೂ ಮರೆಯುವುದಿಲ್ಲ. ಆನೆ ಓಡಾಡುವ ಕಡೆ ಮಾತ್ರ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ಕೂರುವುದು ಬೇಡವೇ ಬೇಡ.

‘ಗುಡ್ಡ ಹತ್ತಿ ಓದು’ ಎನ್ನುವುದು ಗಂಡುಮಕ್ಕಳಿಗೆ ಕೊಡುವ ಸಲಹೆ. ಸಂಜೆ ಏಳಕ್ಕೆ ಹುಡುಗಿ ಒಬ್ಬಳೇ ರಸ್ತೆ ತಿರುವಿನ ಮೋರಿ ಮೇಲೆ ಫೋನ್ ಹಿಡಿದು ಕೂತರೆ ಊರು ಏನನ್ನುತ್ತದೆ ಎಂಬುದು ಅವಳಿಗೂ ಗೊತ್ತು, ಮನೆಯವರಿಗೂ ಗೊತ್ತು. ಮನೆಯಲ್ಲಿ ಒಂದೇ ಫೋನ್ ಇದ್ದು ಅದು ಅಪ್ಪನ ಜೊತೆ ಸಂಜೆ ಮನೆಗೆ ಬರುತ್ತದೆ ಎಂದಾದರೆ, ಮೊದಲು ಅಣ್ಣನ ಕೈಗೆ, ಊಟದ ಪಾತ್ರೆ ತೊಳೆದಾದ ಮೇಲೆ ಇವಳ ಕೈಗೆ. ಅಷ್ಟು ಹೊತ್ತಿಗೆ ಬ್ಯಾಟರಿಯೂ ಇಲ್ಲ, ಇವತ್ತಿನ ಡೇಟಾವೂ ಇಲ್ಲ. ತಂದೆ ತಾಯಿಗೆ ನನ್ನ ವಿನಂತಿ, ಫೋನಿಗೊಂದು ವೇಳಾಪಟ್ಟಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿ. ಬೆಳಗಿನ ಹೊತ್ತು ಪರೀಕ್ಷೆ ಹತ್ತಿರ ಇರುವವರಿಗೆ. ಬೆಳಗಿನ ಟವರ್ ಚೆನ್ನಾಗಿರುವ ಮನೆಯಲ್ಲಿ ಆ ಹೊತ್ತು ಹುಡುಗಿಗೆ ಕಸಮುಸುರೆಯ ಕೆಲಸ ಹಚ್ಚಬೇಡಿ. ಮತ್ತೆ, ‘ಇಡೀ ದಿನ ಮೊಬೈಲ್ ಹಿಡ್ಕೊಂಡೇ ಇರ್ತೀಯಲ್ಲ’ ಎನ್ನುವ ಮೊದಲು ಏನು ಮಾಡುತ್ತಿದ್ದಾರೆಂದು ಒಮ್ಮೆ ಇಣುಕಿ ನೋಡಿ. ಪಾಠ ತೆರೆದುಕೊಳ್ಳಲೆಂದೇ ಅರ್ಧ ಗಂಟೆಯಿಂದ ಹಿಡಿದುಕೊಂಡಿರಬಹುದು.

ಮನಸ್ಸು ಮುದುಡಿದರೆ

ಸಿಟ್ಟು, ಬೇಜಾರು, ಒಂದೆರಡು ದಿನ ಪುಸ್ತಕ ಮುಟ್ಟದಿರುವುದು ಎಲ್ಲರಿಗೂ ಇರುವುದೇ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಕ್ಲಾಸಿನ ಹೊತ್ತಿಗೆ ಸರಿಯಾಗಿ ಹೊಟ್ಟೆನೋವೋ ತಲೆನೋವೋ ಬರುವುದು, ಗೆಳೆಯರ ಫೋನೂ ಎತ್ತದಿರುವುದು – ಇದು ಎರಡು ವಾರ ಹಿಡಿದರೆ ಸುಮ್ಮನಿರಬಾರದು. 14416ಕ್ಕೆ ಕರೆ ಮಾಡಿ. ಇದು ಟೆಲಿ-ಮಾನಸ್, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಸಹಾಯವಾಣಿ, ನಮ್ಮ ನಿಮ್ಹಾನ್ಸ್ ಅದರ ಪ್ರಮುಖ ಕೇಂದ್ರ. ದಿನವಿಡೀ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇಂಟರ್ನೆಟ್ ಬೇಡ, ಕೀಪ್ಯಾಡ್ ಫೋನಿನ ಸಾದಾ ಕರೆ ಸಾಕು. ಹದಿನೆಂಟರ ಒಳಗಿನವರು ಯಾವುದೇ ಸಂಕಟಕ್ಕೆ 1098ಕ್ಕೂ ಕರೆ ಮಾಡಬಹುದು. ತಾಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುತ್ತಾರೆ, ಸಾಮಾನ್ಯವಾಗಿ ಮಂಗಳವಾರ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಿನ ತಿಳಿಯುತ್ತದೆ. ಬದುಕೇ ಬೇಡ ಎಂಬರ್ಥದ ಮಾತು ಮಗುವಿನ ಬಾಯಲ್ಲಿ ಬಂದರೆ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ, ಒಂಟಿಯಾಗಿ ಬಿಡದೆ ಅವತ್ತೇ ಕರೆ ಮಾಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಊರು ಮಾಡಬೇಕಾದ್ದು

ಇಷ್ಟೆಲ್ಲ ಉಪಾಯ ಒಂದು ಮನೆಯ ಮಟ್ಟಿಗೆ. ಟವರ್ ಇಲ್ಲದ್ದು ಹುಡುಗನ ತಪ್ಪಲ್ಲ, ಅದನ್ನು ಅವನೊಬ್ಬನೇ ಸರಿಮಾಡಲೂ ಆಗುವುದಿಲ್ಲ. ಕೇರಳ ಹೈಕೋರ್ಟ್ 2019ರಲ್ಲೇ, ಹಾಸ್ಟೆಲ್ ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ, ಇಂಟರ್ನೆಟ್ ಬಳಸುವುದು ಶಿಕ್ಷಣದ ಹಕ್ಕಿನ ಭಾಗ ಎಂದಿತ್ತು. ಶಿವಮೊಗ್ಗ ಜಿಲ್ಲೆಯ ಹೊಸನಗರದ ಕಡೆಯ ಜನ ‘ನೋ ನೆಟ್‌ವರ್ಕ್ ನೋ ವೋಟಿಂಗ್’ ಎಂದು ಬೋರ್ಡ್ ಹಾಕಿದ್ದು ಸುಮ್ಮನೆ ಅಲ್ಲ.

ಹತ್ತಿರದ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ, ಒಮ್ಮೆ ಹೋಗಿ ಬನ್ನಿ. 2020ರ ನವೆಂಬರ್‌ನಲ್ಲಿ ಶುರುವಾದ ಓದುವ ಬೆಳಕು ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ, ಬಹಳ ಕಡೆ ಕಂಪ್ಯೂಟರ್ ಕೊಟ್ಟಿದ್ದಾರೆ. ಪಂಚಾಯಿತಿ ಕಚೇರಿಗೆ ಸಾಮಾನ್ಯವಾಗಿ ಭಾರತ್‌ನೆಟ್ ಇಂಟರ್ನೆಟ್ ಕೇಬಲ್ ಬಂದಿರುತ್ತದೆ. ಆ ಸಂಪರ್ಕ ನಡೆಯುತ್ತಿದೆಯೇ, ಗ್ರಂಥಾಲಯಕ್ಕೆ ಎಳೆದಿದ್ದಾರೆಯೇ, ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಗ್ರಾಮಸಭೆಯಲ್ಲಿ ಕೇಳಿ, ಕೇಳಿದ್ದು ನಡಾವಳಿಯಲ್ಲಿ ಬರಲಿ. ಬೆಳಿಗ್ಗೆ ಏಳಕ್ಕೆ, ಸಂಜೆ ಏಳರವರೆಗೆ ತೆರೆದರೆ ಬಸ್ಸಿಗೆ ಓಡುವ ಮಕ್ಕಳಿಗೆ ಉಪಯೋಗ. ಹನ್ನೊಂದಕ್ಕೆ ತೆರೆದು ಐದಕ್ಕೆ ಮುಚ್ಚಿದರೆ ಬೀಗಕ್ಕೂ ಬಾಗಿಲಿಗೂ ಮಾತ್ರ.

ಟವರ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು, ಕೆಲಸ ಬಿಎಸ್‌ಎನ್‌ಎಲ್‌ನದು. ನಿಮ್ಮ ಊರು ಆ ಪಟ್ಟಿಯಲ್ಲಿದೆಯೇ ಎಂದು ಪಂಚಾಯಿತಿ ಮೂಲಕ ಬರೆದು ಕೇಳಬಹುದು. ಮನವಿಯಲ್ಲಿ ‘ನಮ್ಮೂರಿಗೆ ನೆಟ್‌ವರ್ಕ್ ಇಲ್ಲ’ ಎಂದಷ್ಟೇ ಬರೆದರೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬರುತ್ತದೆ. ಮಕ್ಕಳು ಅಳೆದಿಟ್ಟ ಸಂಖ್ಯೆಗಳಿವೆಯಲ್ಲ, ಯಾವ ಮನೆ, ಯಾವ ಕಂಪನಿ, ಮೈನಸ್ ಎಷ್ಟು, ಯಾವ ಹೊತ್ತಿನಲ್ಲಿ? ಅದನ್ನೇ ಒಂದು ಪಟ್ಟಿ ಮಾಡಿ, ಊರಿನಲ್ಲಿ ಓದುತ್ತಿರುವ ಮಕ್ಕಳ ಸಂಖ್ಯೆ ತರಗತಿವಾರು ಬರೆದು, ಟವರಿಗೆ ಜಾಗ ಕೊಡಲು ಒಪ್ಪಿದವರ ಸರ್ವೆ ನಂಬರ್ ಸೇರಿಸಿ. ಒಂದು ಪ್ರತಿ ಬಿಎಸ್‌ಎನ್‌ಎಲ್ ಜಿಲ್ಲಾ ಕಚೇರಿಗೆ, ಒಂದು ಸಂಸದರಿಗೆ, ಇನ್ನೊಂದನ್ನು ಕೇಂದ್ರದ ಪಿಜಿ ಪೋರ್ಟಲ್‌ನಲ್ಲಿ ದೂರಾಗಿ ಹಾಕಿ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಮುಂದಿನ ಗ್ರಾಮಸಭೆಗೆ ಬೇಕಾಗುತ್ತದೆ.